ಸ್ಮೊಂಗ್: ಒಂದು ಊರನ್ನು ಉಳಿಸಿದ ಮಾತು

ಇಂಡೋನೇಷ್ಯಾದ ಭೂಪಟದಲ್ಲಿ ಲಾಂಗಿ ಎಂಬ ಊರನ್ನು ಹುಡುಕಿ ತೆಗೆಯುವುದು ಸುಲಭವಲ್ಲ. ಸುಮಾತ್ರಾದ ಪಶ್ಚಿಮ ಕರಾವಳಿಯಿಂದ ಸುಮಾರು 150 ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದಲ್ಲಿ ಸಿಮೆಲುವೆ ಎಂಬ ದ್ವೀಪವಿದೆ. ಉದ್ದ ಸುಮಾರು ನೂರು ಕಿ.ಮೀ. ಅಚೇ ಪ್ರಾಂತ್ಯಕ್ಕೆ ಸೇರಿದ ಈ ದ್ವೀಪಕ್ಕೆ ಸ್ವಂತ ಜಿಲ್ಲೆಯ ಸ್ಥಾನ ಸಿಕ್ಕಿದ್ದೇ 1999ರಲ್ಲಿ. ಜಿಲ್ಲಾ ಕೇಂದ್ರವಾದ ಸಿನಾಬಂಗ್ ಪೇಟೆ ದ್ವೀಪದ ಆಗ್ನೇಯ ಭಾಗದಲ್ಲಿದ್ದರೆ, ಲಾಂಗಿ ಅದಕ್ಕೆ ಬಲು ದೂರದ ಉತ್ತರ ತುದಿಯಲ್ಲಿದೆ. ಎದುರಿಗೆ ಕಡಲು, ಬೆನ್ನಿಗೆ ಗುಡ್ಡ, ನಡುವೆ ಒಂದಿಷ್ಟು ಸಮತಟ್ಟು ನೆಲ. 2004ರಲ್ಲಿ ಅಲ್ಲಿ ವಾಸವಾಗಿದ್ದವರು ಸುಮಾರು 800 ಜನ.

ಇಂತಹ ಊರುಗಳಿಗೆ ಸಾಮಾನ್ಯವಾಗಿ ಇತಿಹಾಸ ಇರುವುದಿಲ್ಲ. ಇಲ್ಲ ಎಂದರೆ, ಬರೆದಿಟ್ಟವರಿರುವುದಿಲ್ಲ ಎಂದಷ್ಟೇ ಅರ್ಥ. ದ್ವೀಪದ ಜನರ ಬದುಕು ಮೀನು, ತೆಂಗು, ಎಮ್ಮೆ ಮತ್ತು ಲವಂಗದ ಸುತ್ತ ಸುತ್ತುತ್ತದೆ. 1970ರ ದಶಕದಲ್ಲಿ ಲವಂಗಕ್ಕೆ ಒಳ್ಳೆಯ ಬೆಲೆ ಬಂದು ಸಿಮೆಲುವೆಯ ಕೈಯಲ್ಲಿ ದುಡ್ಡು ಓಡಾಡಿತ್ತು. 1990ರ ದಶಕದಲ್ಲಿ ಅಧ್ಯಕ್ಷ ಸುಹಾರ್ತೋ ಅವರ ಮಗ ಲವಂಗದ ವ್ಯಾಪಾರದ ಏಕಸ್ವಾಮ್ಯವನ್ನು ಕೈಗೆ ತೆಗೆದುಕೊಂಡ ಮೇಲೆ ಇಂಡೋನೇಷ್ಯಾದ ಉಳಿದ ಬೆಳೆಗಾರರಂತೆ ಇವರೂ ಕೈಸುಟ್ಟುಕೊಂಡರು. ಧರ್ಮದಿಂದ ಇವರೆಲ್ಲ ಬಹುತೇಕ ಮುಸ್ಲಿಮರು. ಇಸ್ಲಾಮನ್ನು ಇಲ್ಲಿಗೆ ತಂದವರು ಮಿನಂಗ್‌ಕಬಾವ್ ನಾಡಿನಿಂದ ಬಂದ ತೆಂಗ್‌ಕು ದಿ ಉಜುಂಗ್ ಎಂಬ ವಿದ್ವಾಂಸರೆಂದೂ, ಅವರ ಪತ್ನಿ ಮೆಲೂರ್‌ಳ ಹೆಸರೇ ದ್ವೀಪಕ್ಕೆ ಬಂತೆಂದೂ ಜನ ಹೇಳುತ್ತಾರೆ. ಇದು ಐತಿಹ್ಯ. ಇದನ್ನು ಪರೀಕ್ಷಿಸಲು ಹೊರಡುವುದಕ್ಕಿಂತ, ಈ ದ್ವೀಪದಲ್ಲಿ ಬಾಯಿಮಾತಿನ ಕಥೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಗಮನಿಸುವುದೇ ನಮಗೆ ಮುಖ್ಯ. ಏಕೆಂದರೆ ಲಾಂಗಿಯ ಆ 800 ಜನರ ಪ್ರಾಣ ಉಳಿಸಿದ್ದು ಅಂತಹದೇ ಒಂದು ಕಥೆ.

1907ರ ಜನವರಿ 4, ಶುಕ್ರವಾರ. ಸುಮಾತ್ರಾದಲ್ಲಿ ಆಗ ಡಚ್ಚರ ಕಾಲ. 1873ರಲ್ಲಿ ಆರಂಭವಾದ ಅಚೇ ಯುದ್ಧದಲ್ಲಿ ಸುಲ್ತಾನರು 1903ರಲ್ಲಿ ಶರಣಾಗಿದ್ದರೂ ಒಳನಾಡಿನಲ್ಲಿ ಹೋರಾಟ ನಿಂತಿರಲಿಲ್ಲ. ವಸಾಹತು ಸರಕಾರದ ಗಮನವೆಲ್ಲ ಅತ್ತ ಕಡೆಗಿತ್ತು. ಅಂದು ಸಮುದ್ರದಡಿ ಭೂಮಿ ನಡುಗಿತು. ಕೆಲ ಹೊತ್ತಿನಲ್ಲಿ ಸಿಮೆಲುವೆಯ ದಡದಿಂದ ನೀರು ಹಿಂದೆ ಸರಿದು ಹವಳದ ದಿಬ್ಬಗಳು ಬರಿದಾಗಿ ಕಂಡವು. ನೀರಿಲ್ಲದೆ ಒದ್ದಾಡುತ್ತಿದ್ದ ಮೀನುಗಳನ್ನು ಹೆಕ್ಕಲು ಜನ ಓಡಿಹೋದರು. ಹೋದವರ ಮೇಲೆ ಕಡಲು ತಿರುಗಿ ಬಂತು. ಸುದ್ದಿ ಹೊರಜಗತ್ತಿಗೆ ತಲುಪಿದಾಗ ದ್ವೀಪವೇ ಹೆಚ್ಚುಕಡಿಮೆ ಕಣ್ಮರೆಯಾಗಿದೆ ಎಂದು ಕೆಲವು ವಿದೇಶಿ ಪತ್ರಿಕೆಗಳು ಬರೆದವು. ನಂತರ ಪತ್ರಿಕೆಗಳೂ ಮರೆತವು, ಸರಕಾರವೂ ಮರೆಯಿತು.

ಮರೆಯದವರು ದ್ವೀಪದ ಜನ. ಅವರು ಸ್ಮಾರಕ ಕಟ್ಟಿಸಲಿಲ್ಲ, ಶಾಸನ ಬರೆಸಲಿಲ್ಲ. ತಾವು ಕಂಡದ್ದಕ್ಕೆ ಒಂದು ಹೆಸರಿಟ್ಟು ಅದನ್ನು ಮಕ್ಕಳಿಗೆ ಹೇಳಿದರು. ಆ ಹೆಸರು 'ಸ್ಮೊಂಗ್'. ದ್ವೀಪದ ದೆವಾಯನ್ ಭಾಷೆಯ ಈ ಪದಕ್ಕೆ ಉಕ್ಕಿ ಬಂದು ಬಡಿಯುವ ಕಡಲು ಎಂದು ಅರ್ಥ ಹೇಳಬಹುದು. ಸಂಜೆಯ ಹೊತ್ತು ಹಿರಿಯರು ಕಿರಿಯರಿಗೆ ಹಳೆಯ ಕಥೆಗಳನ್ನು ಹೇಳುವ ಪದ್ಧತಿ ಅಲ್ಲಿದೆ. ಅದಕ್ಕೆ 'ನಫಿ-ನಫಿ' ಎನ್ನುತ್ತಾರೆ. ಅಜ್ಜ ಅಜ್ಜಿಯರ ಬಾಯಿಂದ ಸ್ಮೊಂಗಿನ ಕಥೆ ಹೀಗೆ ಮೂರು ನಾಲ್ಕು ತಲೆಮಾರು ದಾಟಿತು.

ಕಥೆಯ ಒಳಗೇ ಆಜ್ಞೆಯೂ ಇತ್ತು. ನೆಲ ಜೋರಾಗಿ ನಡುಗಿದರೆ, ಆಮೇಲೆ ಕಡಲು ಹಿಂದೆ ಸರಿದರೆ, ಮೀನಿಗೆ ಆಸೆಪಡಬೇಡಿ, ಮನೆಯೊಳಗಿನ ಸಾಮಾನಿಗೆ ಹೋಗಬೇಡಿ, ಗುಡ್ಡಕ್ಕೆ ಓಡಿ. ಇಷ್ಟೇ. ಇದರಲ್ಲಿ ಭೂಕಂಪ ಏಕಾಗುತ್ತದೆ ಎಂಬ ವಿವರಣೆಯಿಲ್ಲ, ಇದು ಯಾರ ಪಾಪದ ಫಲ ಎಂಬ ಚರ್ಚೆಯೂ ಇಲ್ಲ. ಆರು ವರ್ಷದ ಮಗುವಿಗೂ ಅರ್ಥವಾಗುವ, ಅರವತ್ತು ವರ್ಷದವರೂ ಪಾಲಿಸಬಹುದಾದ ಮಾತು. ಲಾಂಗಿಯಂತಹ ಊರಿಗೆ ಗುಡ್ಡ ಹಿತ್ತಲಿನಷ್ಟೇ ಹತ್ತಿರ. ಹತ್ತುವ ದಾರಿ ಎಲ್ಲರಿಗೂ ಗೊತ್ತು. ಈ ಅನುಕೂಲವನ್ನು ನಾವು ಕಡೆಗಣಿಸಬಾರದು. ಬಯಲು ಸೀಮೆಯಂತಹ ಕರಾವಳಿಯಲ್ಲಿ ಇದೇ ಕಥೆ ಇದ್ದಿದ್ದರೂ ಇಷ್ಟು ಕೆಲಸ ಮಾಡುತ್ತಿರಲಿಲ್ಲವೇನೋ.

ಈ ರೂಢಿಗೆ ಇನ್ನೊಂದು ಮುಖವಿದೆ. ನೆಲ ನಡುಗಿದಾಗಲೆಲ್ಲ ಸ್ಮೊಂಗ್ ಬರುವುದಿಲ್ಲ. 2002ರ ನವೆಂಬರ್ 2ರಂದು ಇದೇ ದ್ವೀಪದ ಬಳಿ ದೊಡ್ಡ ಭೂಕಂಪವಾಯಿತು. ದೊಡ್ಡ ಅಲೆ ಬರಲಿಲ್ಲ. ನಮ್ಮ ಪೇಟೆಗಳಲ್ಲಾದರೆ ಒಮ್ಮೆ ಸುಮ್ಮನೆ ಓಡಿ ನಗೆಪಾಟಲಾದವನು ಎರಡನೆಯ ಸಲ ಓಡಲು ಹಿಂದೆ ಮುಂದೆ ನೋಡುತ್ತಾನೆ. ಸಿಮೆಲುವೆಯ ಜನ ಅಲೆ ಬಾರದ ಸಲದ ಓಟವನ್ನು ಅವಮಾನವೆಂದು ಎಣಿಸದೇ ಇದ್ದುದರಿಂದಲೇ ಅಲೆ ಬಂದ ಸಲ ಅವರ ಕಾಲು ತಡೆಯಲಿಲ್ಲ.

ಆ ಸಲ ಬಂದದ್ದು 2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಎಂಟಕ್ಕೆ ಒಂದು ನಿಮಿಷವಿರುವಾಗ 9.1 ತೀವ್ರತೆಯ ಭೂಕಂಪ. ಕೇಂದ್ರಬಿಂದು ಲಾಂಗಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿತ್ತು. ಅಂದರೆ ಜಗತ್ತಿನಲ್ಲಿ ಆ ಸುನಾಮಿಗೆ ಎಲ್ಲರಿಗಿಂತ ಮೊದಲು ಸಿಕ್ಕ ಊರುಗಳಲ್ಲಿ ಇದೂ ಒಂದು. ನಡುಕ ನಿಂತ ಸುಮಾರು ಎಂಟು ನಿಮಿಷಕ್ಕೆ ಮೊದಲ ಅಲೆ ಬಂತು. ಎಂಟು ನಿಮಿಷವೆಂದರೆ ಒಲೆಯ ಮೇಲಿಟ್ಟ ಚಹಾ ಕುದಿಯುವಷ್ಟು ಹೊತ್ತು. ಮುಂದೆ ಅಲ್ಲಿಗೆ ಹೋದ ಸಂಶೋಧಕರು ಅಲೆಯ ಎತ್ತರವನ್ನು 10ರಿಂದ 15 ಮೀಟರ್ ಎಂದು ದಾಖಲಿಸಿದರು. ಮನೆಗಳಿದ್ದಲ್ಲಿ ಅಡಿಪಾಯವಷ್ಟೇ ಉಳಿದಿತ್ತು. ಆದರೆ 'ಸ್ಮೊಂಗ್' ಎಂಬ ಕೂಗು ಕೇಳಿದ ಕ್ಷಣವೇ ಊರು ಗುಡ್ಡ ಹತ್ತಿತ್ತು. ಲಾಂಗಿಯ 800 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಸುಮಾರು 78,000 ಜನರಿದ್ದ ಇಡೀ ದ್ವೀಪದಲ್ಲಿ ಪ್ರಾಣ ಕಳೆದುಕೊಂಡವರು ಏಳು ಮಂದಿ.

ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರ ಅಂದು ತನ್ನ ಮೊದಲ ಪ್ರಕಟಣೆ ಹೊರಡಿಸಿದ್ದು ಭೂಕಂಪವಾದ ಹದಿನೈದು ನಿಮಿಷಕ್ಕೆ. ಅದರಲ್ಲಿ ತೀವ್ರತೆಯನ್ನು 8 ಎಂದು ಹೇಳಲಾಗಿತ್ತು. ಆ ಪ್ರಕಟಣೆ ನೇರವಾಗಿ ಲಾಂಗಿಗೇ ತಲುಪಿದ್ದರೂ ಓದಲು ಊರಿನ ಮನೆಗಳು ಉಳಿದಿರುತ್ತಿರಲಿಲ್ಲ.

ಸುಮಾತ್ರಾದ ದೊಡ್ಡ ನೆಲದಲ್ಲಿ ಅಂದು ಏನಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಇಂಡೋನೇಷ್ಯಾ ಒಂದರಲ್ಲೇ ಸತ್ತವರು, ಕಾಣೆಯಾದವರು 1,60,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಅಚೇಯವರು. ಅಲ್ಲಿಯೂ ಹಳೆಯ ಅಚೇ ಭಾಷೆಯಲ್ಲಿ ಇಂತಹ ಅಲೆಗೆ 'ಇಯೆ ಬೆವ್‌ನಾ' ಎಂಬ ಹೆಸರಿತ್ತು. ಆದರೆ ಆ ಪದ ಜನರ ನಾಲಿಗೆಯಿಂದ ಜಾರಿ ಹೋಗಿ ಕಾಲವಾಗಿತ್ತು. ಹಿಂದೆ ಸರಿದ ಕಡಲನ್ನು ನೋಡಲು, ಮೀನು ಹೆಕ್ಕಲು ಅಲ್ಲಿಯೂ ಜನ ದಡಕ್ಕೆ ಇಳಿದರು. 1907ರಲ್ಲಿ ಸಿಮೆಲುವೆಯವರು ಮಾಡಿದ್ದು ಇದನ್ನೇ ಅಲ್ಲವೇ?

ನಮ್ಮ ದೇಶದ ಕಥೆಯೂ ಬೇರೆಯಲ್ಲ. ತಮಿಳುನಾಡಿನ ಕರಾವಳಿಗೆ ಅಲೆ ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಲಾಂಗಿಗೆ ಸಿಕ್ಕ ಸಮಯದ ಹತ್ತಾರು ಪಟ್ಟು. ಆದರೂ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಇತ್ತ ಅಂಡಮಾನಿನಲ್ಲಿ, ನಾಗರಿಕತೆ ತಲುಪಿಲ್ಲವೆಂದು ನಾವು ಕನಿಕರ ತೋರುವ ಓಂಗೆ ಬುಡಕಟ್ಟಿನವರು ಎತ್ತರದ ಜಾಗಕ್ಕೆ ಹೋಗಿ ಬದುಕಿಕೊಂಡರು. ಕನ್ನಡದಲ್ಲಂತೂ ನಮಗೆ ಈ ವಿಪತ್ತಿಗೆ ಒಂದು ಹೆಸರೇ ಇರಲಿಲ್ಲ. ಆ ವಾರ ಪತ್ರಿಕೆಗಳು 'ಸುನಾಮಿ' ಎಂದು ಬರೆದಾಗ ಉಚ್ಚಾರ ಹೇಗೆಂದು ಕೇಳಿದವರೇ ಹೆಚ್ಚು. ಪದ ಜಪಾನಿನದು, ನಮಗೆ ತಲುಪಿದ್ದು ಇಂಗ್ಲಿಷಿನ ಮೂಲಕ, ಅದೂ ಹೆಣಗಳನ್ನು ಎಣಿಸುವ ಹೊತ್ತಿಗೆ.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿ, ಮನೆಮನೆಗಳಲ್ಲಿ ಓಡಾಡಿದ ಒಂದು ಚಿತ್ರ ಹಲವು ಓದುಗರಿಗೆ ನೆನಪಿರಬಹುದು. ಸುತ್ತಲಿನದೆಲ್ಲ ಬಯಲಾಗಿ, ನಡುವೆ ಒಂದು ಮಸೀದಿ ಮಾತ್ರ ನಿಂತಿರುವ ಚಿತ್ರ. ಅದು ಅಚೇಯ ಲಂಪೂಕ್ ಎಂಬ ಊರಿನ ರಹ್ಮತುಲ್ಲಾ ಮಸೀದಿ. ಅದನ್ನು ನೋಡಿ ಕಣ್ಣೀರು ಬಂದವರಿದ್ದಾರೆ, ಅದು ಸಹಜ. ದಪ್ಪ ಕಂಬಗಳ ನಡುವೆ ನೀರು ಹರಿದು ಹೋಗಲು ಜಾಗವಿದ್ದ ಕಟ್ಟಡಗಳು ನಿಂತವು ಎಂದು ಎಂಜಿನಿಯರುಗಳು ವಿವರಿಸಿದರು. ಆದರೆ ಆ ಮಸೀದಿಯ ಸುತ್ತ ಇದ್ದ ಸುಮಾರು ಆರು ಸಾವಿರ ಜನರಲ್ಲಿ ಉಳಿದವರು ಕೆಲವೇ ನೂರು ಮಂದಿ. ಕಟ್ಟಡ ಉಳಿದ ಊರಿನ ಚಿತ್ರ ನಮ್ಮೆಲ್ಲರ ಮನೆ ತಲುಪಿತು. ಕಟ್ಟಡಗಳೆಲ್ಲ ಹೋಗಿ ಜನರೆಲ್ಲ ಉಳಿದ ಊರಿನ ಚಿತ್ರ ತಲುಪಲಿಲ್ಲ. ಇದು ದೇವಕೋಪ, ಇಂತಿಂಥವರ ಪಾಪಕ್ಕೆ ಬಂದ ಶಿಕ್ಷೆ ಎಂಬ ಮಾತು ಅಚೇಯಲ್ಲೂ ಕೇಳಿಬಂತು, ನಮ್ಮಲ್ಲೂ ಎಲ್ಲ ಧರ್ಮಗಳ ಭಾಷಣಕಾರರಿಂದ ಕೇಳಿಬಂತು. ಹಾಗೆಂದವರಿಗೆ ಸಿಮೆಲುವೆಯ ಸುದ್ದಿ ಗೊತ್ತಿರಲಿಲ್ಲವೆಂದೇ ನಾವು ಭಾವಿಸುತ್ತೇವೆ. ಅವರೂ ಅದೇ ಪ್ರಾಂತ್ಯದವರು, ಅದೇ ಧರ್ಮದವರು, ಅದೇ ಕಡಲ ತಡಿಯವರು. ವ್ಯತ್ಯಾಸವಿದ್ದದ್ದು ಅಜ್ಜಿ ಹೇಳಿದ ಕಥೆಯಲ್ಲಿ. ದೇವರ ಮೇಲೆ ಭಾರ ಹಾಕುವುದಕ್ಕೂ ಗುಡ್ಡಕ್ಕೆ ಓಡುವುದಕ್ಕೂ ನಡುವೆ ಅವರಿಗೆ ವಿರೋಧ ಕಾಣಲಿಲ್ಲ.

2005ರಲ್ಲಿ ವಿಶ್ವಸಂಸ್ಥೆ ವಿಪತ್ತು ತಡೆಗಾಗಿ ಕೊಡುವ ಸಸಕಾವಾ ಪ್ರಶಸ್ತಿಯನ್ನು ಸಿಮೆಲುವೆಯ ಜನತೆಗೆ ನೀಡಿತು. ಆಮೇಲೆ ಸಂಶೋಧಕರು, ಸಾಕ್ಷ್ಯಚಿತ್ರದವರು, ಗಾಯಕರು ದ್ವೀಪದತ್ತ ಬಂದರು. ಸಿಮೆಲುವೆಯಲ್ಲಿ 'ನಂದೊಂಗ್' ಎಂಬ ಹಾಡುಗಾರಿಕೆಯ ಸಂಪ್ರದಾಯವಿದೆ. ಸ್ಮೊಂಗಿನ ಬಗ್ಗೆ ಈಗ ಜನಪ್ರಿಯವಾಗಿರುವ ನಂದೊಂಗ್ ಹಾಡು ನೂರು ವರ್ಷ ಹಳೆಯದೆಂದು ಹಲವೆಡೆ ಬರೆಯಲಾಗಿದೆ. ಈಚಿನ ಅಧ್ಯಯನಗಳು ಹಾಡಿನ ರೂಪದಲ್ಲಿ ಅದು ಹರಡಿದ್ದು 2004ರ ನಂತರ ಎಂದು ತೋರಿಸುತ್ತವೆ. ಮೊದಲಿದ್ದದ್ದು ಕಥೆ, ಹಾಡು ಆಮೇಲಿನದು. ಇದರಿಂದ ಹಾಡಿನ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಕಥೆ ಹೇಳುವ ಸಂಜೆಗಳು ಟಿ.ವಿ. ಮತ್ತು ಮೊಬೈಲಿನ ಪಾಲಾಗುತ್ತಿರುವಾಗ ಮಾತನ್ನು ಹೊಸ ಪಾತ್ರೆಗೆ ತುಂಬಿಕೊಂಡ ಜಾಣತನ ಅದು.

ಯಂತ್ರಗಳನ್ನೂ ತರಲಾಯಿತು. ಜರ್ಮನಿಯ ನೆರವಿನಿಂದ 2008ರಲ್ಲಿ ಇಂಡೋನೇಷ್ಯಾದಲ್ಲಿ ಸುನಾಮಿ ಎಚ್ಚರಿಕೆ ವ್ಯವಸ್ಥೆ ಆರಂಭವಾಯಿತು. ಕಡಲಲ್ಲಿ ತೇಲಿಬಿಟ್ಟ ಉಪಕರಣಗಳು ನಿರ್ವಹಣೆಯಿಲ್ಲದೆ ಹಾಳಾಗಿ 2012ರಿಂದಲೇ ಕೆಲಸ ಮಾಡುತ್ತಿರಲಿಲ್ಲವೆಂದು 2018ರಲ್ಲಿ ಸರಕಾರದ ವಿಪತ್ತು ನಿರ್ವಹಣಾ ಸಂಸ್ಥೆಯೇ ಹೇಳಿತು. ಹಾಗೆಂದು ಯಂತ್ರ ಬೇಡ, ಅಜ್ಜಿ ಕಥೆಯೇ ಸಾಕು ಎನ್ನುವುದು ಮೂರ್ಖತನ. 2010ರ ಅಕ್ಟೋಬರ್ 25ರಂದು ಸುಮಾತ್ರಾದ ಇದೇ ಪಶ್ಚಿಮ ತೀರದ ಮೆಂತಾವಾಯ್ ದ್ವೀಪಗಳಲ್ಲಿ ನೆಲ ಮೆಲ್ಲಗೆ ತೂಗಿದಂತಾಯಿತಷ್ಟೆ. ಜೋರು ನಡುಕವಿಲ್ಲವೆಂದು ಹಲವರು ಓಡಲಿಲ್ಲ. ಸುನಾಮಿ ನಾನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. 2018ರ ಡಿಸೆಂಬರ್ 22ರ ರಾತ್ರಿ ಅನಕ್ ಕ್ರಕಟೋವಾ ಜ್ವಾಲಾಮುಖಿಯ ಒಂದು ಪಾರ್ಶ್ವ ಕಡಲಿಗೆ ಕುಸಿದು ಎದ್ದ ಅಲೆಗೆ ಮುಂಚೆ ಎಚ್ಚರಿಸುವಂತಹ ಭೂಕಂಪವೇ ಇರಲಿಲ್ಲ. ಸ್ಮೊಂಗಿನ ಕಥೆ ಒಂದು ಬಗೆಯ ವಿಪತ್ತನ್ನು ಕಂಡವರು ಹೇಳಿದ್ದು. ಕಾಣದ್ದನ್ನು ಅದು ಹೇಳಲಾರದು.

ಅದು ಎಷ್ಟು ಕಾಲ ಬಾಳಬಹುದು ಎಂಬ ಪ್ರಶ್ನೆಗೆ ಲಾಂಗಿಯ ಕಡಲಲ್ಲೇ ಒಂದು ಉತ್ತರ ಸಿಕ್ಕಿದೆ. 2004ರ ಭೂಕಂಪದಲ್ಲಿ ದ್ವೀಪದ ವಾಯವ್ಯ ಭಾಗ ಸುಮಾರು ಒಂದೂವರೆ ಮೀಟರ್ ಮೇಲೆದ್ದಿತು. ಮರುವರ್ಷ ಮಾರ್ಚ್ 28ರ ಭೂಕಂಪದಲ್ಲಿ ದಕ್ಷಿಣದ ಭಾಗವೂ ಎದ್ದಿತು. ನೀರಿನಿಂದ ಹೊರಬಂದ ಹವಳ ಸತ್ತು ಬಿಳಿಚಿ ನಿಂತಿತು. ಮರದ ಬಳೆಗಳನ್ನು ಎಣಿಸಿದಂತೆ ಹವಳದ ಪದರಗಳನ್ನು ಓದಿದ ಭೂವಿಜ್ಞಾನಿಗಳಿಗೆ, ದ್ವೀಪದ ಉತ್ತರ ಭಾಗ ಹದಿನಾಲ್ಕನೆಯ ಶತಮಾನದ ಕೊನೆಗೂ ಹದಿನೈದನೆಯ ಶತಮಾನದ ನಡುವಿಗೂ ಹೀಗೆಯೇ ಎದ್ದಿತ್ತೆಂದು ತಿಳಿಯಿತು. ಅಂದೂ ಕಡಲು ನುಗ್ಗಿರಲೇಬೇಕು, ಬದುಕುಳಿದವರು ಮಕ್ಕಳಿಗೆ ಹೇಳಿಯೂ ಇರಬೇಕು. 1907ರ ಹೊತ್ತಿಗೆ ಆ ಮಾತಿನ ಒಂದು ಅಕ್ಷರವೂ ಉಳಿದಿರಲಿಲ್ಲ; ಜನ ಮೀನು ಹೆಕ್ಕಲು ಹೋದರು. 1907ರ ನೆನಪಾದರೋ 97 ವರ್ಷಕ್ಕೆ ಉಪಯೋಗಕ್ಕೆ ಬಂತು.

ದ್ವೀಪದಲ್ಲಿ ದೆವಾಯನ್, ಸಿಗುಲೈ ಭಾಷೆಗಳ ಜೊತೆಗೆ ಲೆಕೊನ್ ಎಂಬ ಮೂರನೆಯ ಭಾಷೆಯೊಂದಿದೆ. ಅದನ್ನಾಡುವುದು ಉತ್ತರದ ಎರಡೇ ಊರುಗಳಲ್ಲಿ, ಲಫಾಖಾ ಮತ್ತು ಲಾಂಗಿಯಲ್ಲಿ. ಪೇಟೆಯಲ್ಲಿ ವ್ಯವಹಾರಕ್ಕೆ ಮಿನಂಗ್‌ಕಬಾವ್ ಮೂಲದ ಜಾಮೆ ನುಡಿ, ಶಾಲೆಯಲ್ಲಿ ಇಂಡೋನೇಷ್ಯನ್, ಟಿ.ವಿ.ಯಲ್ಲೂ ಅದೇ. ಲೆಕೊನ್ ಆಡುವವರ ಸಂಖ್ಯೆ ಕುಗ್ಗುತ್ತಿದೆ ಎಂದು ಭಾಷಾ ತಜ್ಞರು ಅದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದ್ದಾರೆ. 'ಸ್ಮೊಂಗ್' ಎಂಬ ಪದವನ್ನು ಮಾತ್ರ ಅಲ್ಲಿಯ ಮಕ್ಕಳು ಯಾವ ಭಾಷೆಗೂ ಅನುವಾದಿಸದೆ ಹಾಗೆಯೇ ಕಲಿಯುತ್ತಿದ್ದಾರೆ.