ಬೀಸುಕಲ್ಲಿನ ಹಾಡು ಉಳಿದ ಬಗೆ
ಕೀರ್ತಿಶೇಷ ಸಿಂಪಿ ಲಿಂಗಣ್ಣನವರ ಸ್ಮರಣೆ

ಒಂದು ನಾಡಿನ ಇತಿಹಾಸವು ಅರಸರ ಶಾಸನಗಳಲ್ಲಿ ಇರುವಂತೆ ಹೆಸರರಿಯದ ತಾಯಂದಿರ ನಾಲಗೆಯ ಮೇಲೆಯೂ ಇರುತ್ತದೆ. ಶಾಸನವು ಕಲ್ಲಿನ ಬಲದಿಂದ ಬಾಳುತ್ತದೆ. ಹಾಡಾದರೋ ಹಾಡುವವರ ಉಸಿರಿನಿಂದ ಬಾಳುತ್ತದೆ. ಉಸಿರಿನೊಡನೆ ಅಳಿದುಹೋಗಲಿದ್ದ ಹಾಡುಗಳನ್ನು ಸಕಾಲದಲ್ಲಿ ಕೂಡಿಸಿಟ್ಟ ಮಹನೀಯರಲ್ಲಿ ನಮ್ಮ ನೆರೆಯ ಚಡಚಣದ ಶ್ರೀ ಸಿಂಪಿ ಲಿಂಗಣ್ಣನವರು (1905–1993) ಒಬ್ಬರು. ಅವರನ್ನು ಈ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ಸೋನ್ಯಾಳದ ಕನ್ನಡಿಗರಾದ ನಮಗೆ ಉಚಿತವೂ ಕರ್ತವ್ಯವೂ ಆಗಿದೆ.

ಜತ್ತ ತಾಲೂಕಿನ ಉಮದಿಯನ್ನು ದಾಟಿದರೆ ಚಡಚಣದ ಸೀಮೆ, ಅಲ್ಲಿಯೇ ಹಲಸಂಗಿ. ಆ ಕಾಲಕ್ಕೆ ಜತ್ತವು ಒಂದು ಸಂಸ್ಥಾನ. ಚಡಚಣ, ಹಲಸಂಗಿಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ ಊರುಗಳು. ಹಲಸಂಗಿಯಲ್ಲಿ ಕವಿ ಮಧುರಚೆನ್ನರು, ಲಿಂಗಣ್ಣನವರು, ಶ್ರೀ ಪಿ. ಧೂಲಾಸಾಹೇಬರು, ಶ್ರೀ ಕಾಪಸೆ ರೇವಪ್ಪನವರು ಕೂಡಿ ಗೆಳೆಯರ ಗುಂಪೊಂದನ್ನು ಕಟ್ಟಿದರು. ಲಿಂಗಣ್ಣನವರದು ಪ್ರಾಥಮಿಕ ಶಾಲೆಯ ಶಿಕ್ಷಕವೃತ್ತಿ. ಹಾಡು ಕೂಡಿಸಿರೆಂದು ಇವರಿಗೆ ಆಜ್ಞೆ ಮಾಡಿದವರಾರೂ ಇಲ್ಲ. ನುಡಿಯ ಮೇಲಣ ಮಮತೆಯೇ ಇವರನ್ನು ದುಡಿಸಿತು.

ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಈ ಗೆಳೆಯರು ಕೂಡಿಸಿದರು. ಅವು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟವಾದವು. 1933ರಲ್ಲಿ ಧೂಲಾಸಾಹೇಬರ ಲಾವಣಿ ಸಂಗ್ರಹ ‘ಜೀವನ ಸಂಗೀತ’ವೂ, 1935ರಲ್ಲಿ ರೇವಪ್ಪನವರ ‘ಮಲ್ಲಿಗೆ ದಂಡೆ’ಯೂ ಹೊರಬಂದವು. ತ್ರಿಪದಿಯು ಹೊಸ ಛಂದಸ್ಸಲ್ಲ. ಬಾದಾಮಿಯ ಬಂಡೆಯ ಮೇಲೆ, ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಂಡ ಅದೇ ಛಂದಸ್ಸು ಬೀಸುಕಲ್ಲಿನ ಮುಂದೆ ಕುಳಿತ ಅಕ್ಷರವರಿಯದ ಗರತಿಯ ಬಾಯಲ್ಲಿ ಹನ್ನೆರಡು ಶತಮಾನಗಳ ತರುವಾಯವೂ ಜೀವಂತವಾಗಿತ್ತು. ಈ ಸೋಜಿಗವನ್ನು ಪಂಡಿತರಿಗೆ ಮನಗಾಣಿಸಿದ್ದು ಇಂಥ ಸಂಗ್ರಹಗಳೇ.

ಧ್ವನಿಯನ್ನು ಹಿಡಿದಿಡುವ ಯಂತ್ರವು ಆಗ ಇರಲಿಲ್ಲವೆಂದಲ್ಲ. ಎಡಿಸನ್ನನು 1877ರಲ್ಲಿಯೇ ಅದನ್ನು ನಿರ್ಮಿಸಿದ್ದನು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ಗ್ರಾಮಾಫೋನ್ ತಟ್ಟೆಗೆ ಇಳಿದಿತ್ತು. ಆದರೆ ಹೆಸರಾಂತ ಗಾಯಕರಿಗೆ ಒದಗಿದ ಯಂತ್ರವು ಬೀಸುವವಳ ಬಳಿಗೆ ಬರಲಿಲ್ಲ. ಲಿಂಗಣ್ಣನವರ ಕೈಯಲ್ಲಿ ಇದ್ದುದು ಲೇಖನಿಯೊಂದೇ.

ಲೇಖನಿಯು ನುಡಿಯನ್ನು ಉಳಿಸಿತು; ಧಾಟಿಯನ್ನು ಉಳಿಸುವ ಶಕ್ತಿ ಅದಕ್ಕೆಲ್ಲಿಯದು? ಅಚ್ಚಿನಲ್ಲಿ ಮೂರೇ ಸಾಲಾಗಿ ಕಾಣುವ ತ್ರಿಪದಿಯು ಹಾಡುವಾಗ ನಾಲ್ಕಾಗುತ್ತದೆ. ಎರಡನೆಯ ಸಾಲಿನ ಭಾಗವು ಮರಳಿ ಬಂದು ಮೂರನೆಯದಕ್ಕೆ ಕೊಂಡಿಯಾಗುತ್ತದೆ. ಆ ಮರಳುವಿಕೆಯ ಇಂಪನ್ನು ಕಿವಿಯೇ ಬಲ್ಲುದು. ಮುಂದೆ ಶ್ರೀ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಧ್ವನಿಮುದ್ರಣಕ್ಕೂ ಮಹತ್ವವಿತ್ತರು. ಗಡಿಯಾಚೆಯ ನಮ್ಮ ಊರುಗಳ ಹಾಡನ್ನು ಹಿಡಿದಿಡುವ ಹೊಣೆ ಮಾತ್ರ ಮೊದಲಿಗೆ ನಮ್ಮದೇ.

ಲಿಂಗಣ್ಣನವರು ಜೀವಮಾನವೆಲ್ಲ ಈ ಕೆಲಸವನ್ನು ಬಿಡಲಿಲ್ಲ. ‘ಜನಾಂಗದ ಜೀವಾಳ’ದಂಥ ಗ್ರಂಥದಿಂದ ಜನಪದ ಸಾಹಿತ್ಯದ ಮರ್ಮವನ್ನು ತಿಳಿಸಿದರು. 1993ರಲ್ಲಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯು ಅವರಿಗೆ ಸಂದಿತು. ಅದೇ ವರ್ಷ ಅವರು ಅಗಲಿದರು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಾಪುರವು ಮೈಸೂರು ರಾಜ್ಯಕ್ಕೆ ಸೇರಿತು. ಜತ್ತವು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಿಂದ ಮಹಾರಾಷ್ಟ್ರದಲ್ಲಿದೆ. ಗೆರೆಯು ಊರುಗಳ ನಡುವೆ ಬಿದ್ದಿತು; ಹೆಣ್ಣು ಕೊಟ್ಟು ತರುವ ನಂಟಿನ ನಡುವೆ ಬೀಳಲಿಲ್ಲ. ತವರಿನಿಂದ ಬಂದ ಸೊಸೆಯೊಡನೆ ಹಾಡೂ ಬಂದಿತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಅದರೊಡನೆ ಹಾಡುವ ಹೊತ್ತೂ ಹೋಯಿತು. ಆ ಧಾಟಿಯನ್ನು ಬಲ್ಲವರು ಇನ್ನು ಹಿರಿಯ ತಾಯಂದಿರು ಮಾತ್ರ.

ಲಿಂಗಣ್ಣನವರಿಗೆ ಒದಗದ ಯಂತ್ರವು ಇಂದು ಪ್ರತಿಯೊಬ್ಬ ತರುಣನ ಅಂಗಿಯ ಜೇಬಿನಲ್ಲಿದೆ. ಸಂಘದ ಸದಸ್ಯರು ಅಜ್ಜಿಯ ಮುಂದೆ ಕುಳಿತು, ಆಕೆಯ ಒಪ್ಪಿಗೆ ಪಡೆದು, ಹಾಡನ್ನು ಮುದ್ರಿಸಿಕೊಳ್ಳಲಿ. ಹಾಡಿದವಳ ಹೆಸರು, ತವರೂರು, ಹಾಡುವ ಸಂದರ್ಭ, ದಿನಾಂಕಗಳನ್ನು ಬರೆದಿಡಲಿ. ಪ್ರತಿಯೊಂದನ್ನು ಸಂಘದಲ್ಲಿ ಕಾಪಿಡಲಿ. ಹಲಸಂಗಿಯ ಗೆಳೆಯರು ಅರ್ಧ ಉಳಿಸಿಕೊಟ್ಟಿದ್ದಾರೆ. ಮಿಕ್ಕ ಅರ್ಧವನ್ನು ಉಳಿಸುವುದೇ ಆ ಹಿರಿಯರಿಗೆ ನಾವು ಸಲ್ಲಿಸತಕ್ಕ ಗೌರವ.