ಅಪೊಸ್ತಲ ಎಂದರೆ ಯಾರು?

ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕುಳಿತರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು.

ಅಂಥ ಮಿಷನರಿಯನ್ನು ಅಪೊಸ್ತಲ ಎನ್ನಬಹುದೇ?

ಗ್ರೀಕಿನಲ್ಲಿ ಆ ಪದಕ್ಕೆ ‘ಕಳುಹಿಸಲ್ಪಟ್ಟವನು’ ಎಂದಷ್ಟೇ ಅರ್ಥ. ಅದು ಯೇಸುವಿನ ಹನ್ನೆರಡು ಶಿಷ್ಯರಿಗೇ ಮೀಸಲು ಎಂಬುದು ರೂಢಿಯ ತಿಳಿವಳಿಕೆ. ಮೊದಲ ಶತಮಾನದ ಬರಹಗಳು ಅಷ್ಟು ಬಿಗಿಯಾಗಿಲ್ಲ. ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 14ನೆಯ ಅಧ್ಯಾಯದಲ್ಲಿ, ಆ ಹನ್ನೆರಡರಲ್ಲಿ ಸೇರದ ಪೌಲನ ಜೊತೆ ಬಾರ್ನಬನಿಗೂ ಆ ಹೆಸರು ಸಂದಿದೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಅಂದ್ರೋನಿಕ, ಯೂನ್ಯರನ್ನು ಇದೇ ಮಾತಿನೊಡನೆ ಹೊಗಳುತ್ತಾನೆ. ಯೂನ್ಯ ಹೆಣ್ಣುಮಗಳು ಎಂಬುದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ.

ಇನ್ನೂ ಸ್ವಾರಸ್ಯದ್ದು ‘ದಿದಖೆ’ ಎಂಬ ಪುರಾತನ ಕ್ರೈಸ್ತ ಕಿರುಗ್ರಂಥ. ಊರೂರು ತಿರುಗುವ ಅಪೊಸ್ತಲನಿಗೆ ಅದು ವಿಧಿಸುವ ಕಟ್ಟಳೆ ಕಟುವಾದದ್ದು: ತಂಗಲು ಒಂದು ದಿನ, ತೀರಾ ಅಗತ್ಯವಾದರೆ ಎರಡು. ಮೂರನೆಯ ದಿನವೂ ಉಳಿದವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ಬಿಡಾರದವರೆಗಿನ ರೊಟ್ಟಿಯಷ್ಟೇ ಬುತ್ತಿ. ಹಣ ಕೇಳಿದವನೂ ಸುಳ್ಳನೇ.

ಪೌಲನ ವಿಶಾಲ ಅರ್ಥದಲ್ಲಿ ಹ್ಯಾಂಡ್ಸ್ ಅವರಿಗೆ ಆ ಪದ ಖಂಡಿತ ಒಪ್ಪುತ್ತದೆ. ದಿದಖೆಯ ಅಳತೆಗೆ ಅವರು ಒಗ್ಗುವುದಿಲ್ಲ, ಬಳ್ಳಾರಿಯಲ್ಲಿ ವರ್ಷಗಟ್ಟಲೆ ನೆಲೆನಿಂತವರು. ಆ ಕಟ್ಟಳೆಯನ್ನು ಅವರು ಓದಿರಲೂ ಸಾಧ್ಯವಿಲ್ಲ: ದಿದಖೆಯ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿದ್ದು 1873ರಲ್ಲಿ, ಅಚ್ಚಾದದ್ದು 1883ರಲ್ಲಿ.