ತಗ್ಗಿ ನಡೆದ ಬಂಡಿಗಳು

ಮೋಟಾರು ಬಂಡಿಯ ಚರಿತ್ರೆಯೆಂದರೆ ವೇಗದ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಯಾವ ವರ್ಷ ಯಾರು ಗಂಟೆಗೆ ಎಷ್ಟು ಮೈಲಿ ಓಡಿಸಿದರೆಂಬುದನ್ನು ಪುಸ್ತಕಗಳು ತಪ್ಪದೆ ದಾಖಲಿಸುತ್ತವೆ. ಆದರೆ ಬೇಕೆಂದೇ ನಿಧಾನವಾಗಿ, ಬೇಕೆಂದೇ ನೆಲಕ್ಕೆ ತಗ್ಗಿ ನಡೆದ ಬಂಡಿಗಳದೂ ಒಂದು ಚರಿತ್ರೆಯುಂಟು. ಅದರ ಕಡೆಗೆ ನನ್ನ ಗಮನವನ್ನು ಸೆಳೆದವನು ಲಾಸ್ ಏಂಜಲಿಸ್‌ನಲ್ಲಿರುವ ನನ್ನ ಮೊಮ್ಮಗ. ಮಗಳ ಮನೆಯಲ್ಲಿ ಕೆಲವು ವಾರ ಇರಲೆಂದು ನಾನು ಅಲ್ಲಿಗೆ ಹೋಗಿದ್ದಾಗ, ಅವನು ಹಳೆಯ ಕಾರೊಂದನ್ನು ಕೊಂಡು, ಅದನ್ನು ತಗ್ಗಿಸುವ ಚಿಂತೆಯಲ್ಲಿ ಮುಳುಗಿದ್ದ. ಖರ್ಚು ಹೆಚ್ಚಾಗಬಾರದು, ಕೂತವರ ಬೆನ್ನು ನೋಯಲೂಬಾರದು. ಹಾಗೆ ತಗ್ಗಿಸುವುದು ಹೇಗೆ? ಇದು ಅವನ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಭಾನುವಾರ ಸಂಜೆ ಅವನು ನನ್ನನ್ನು ನಗರದ ಪೂರ್ವಭಾಗದಲ್ಲಿರುವ ವಿಟಿಯರ್ ಬೂಲವಾರ್ಡ್ ಎಂಬ ಬೀದಿಗೆ ಕರೆದೊಯ್ದ. ಅಲ್ಲಿ ಆ ಪ್ರಶ್ನೆಗೆ ಮುಕ್ಕಾಲು ಶತಮಾನದ ವಯಸ್ಸಾಗಿದೆಯೆಂದು ನನಗೆ ತಿಳಿಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಮಾತು. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದ ಮೆಕ್ಸಿಕೊ ಮೂಲದ ಜನರ ಕೈಯಲ್ಲಿ ತುಸು ಕಾಸು ಆಡತೊಡಗಿತ್ತು. ಹೊಸ ಕಾರು ಕೊಳ್ಳುವಷ್ಟಲ್ಲ. ಇನ್ನೊಬ್ಬರು ಬಳಸಿ ಬಿಟ್ಟ ಷೆವ್ರೊಲೆ ಕೊಳ್ಳುವಷ್ಟು. ಅದೇ ಕಾಲಕ್ಕೆ ಬಿಳಿಯ ತರುಣರು ತಮ್ಮ ಹಳೆಯ ಕಾರುಗಳ ಎಂಜಿನ್ನನ್ನು ಬಲಪಡಿಸಿ ಪಂದ್ಯಕ್ಕೆ ಬಿಡುತ್ತಿದ್ದರು. ಮೆಕ್ಸಿಕನ್ ತರುಣರು ಹಿಡಿದದ್ದು ಬೇರೆ ದಾರಿ. ಹಿಂಬದಿಯ ಪೆಟ್ಟಿಗೆಯಲ್ಲಿ ಮರಳಿನ ಚೀಲಗಳನ್ನು ಹೇರಿದರು; ಬಂಡಿ ನೆಲಕ್ಕೆ ತಗ್ಗಿತು. ಹಾಗೆ ತಗ್ಗಿದ ಬಂಡಿಯನ್ನು ಬೀದಿಯಲ್ಲಿ ಮೆಲ್ಲಮೆಲ್ಲನೆ ನಡೆಸಿದರು. ಇಂಥ ಬಂಡಿಗೂ ಅದರ ಒಡೆಯನಿಗೂ ಲೋರೈಡರ್ ಎಂಬ ಒಂದೇ ಹೆಸರು ಬಂತು. ಅವರ ಸ್ಪ್ಯಾನಿಷ್ ನುಡಿಯಲ್ಲಿ ಇದಕ್ಕೊಂದು ಸೂತ್ರವಿದೆ: 'ಬಾಹಿತೊ ಇ ಸುವಾವೆಸಿತೊ'. ತುಸು ತಗ್ಗಾಗಿ, ತುಸು ಮೆತ್ತಗೆ ಎಂದು ಅದರ ಭಾವ.

ತಗ್ಗೂ ಆಗಬೇಕು, ಮೆತ್ತಗೂ ಇರಬೇಕು. ಕಷ್ಟವಿರುವುದೇ ಇಲ್ಲಿ. ಮರಳಿನ ಚೀಲಕ್ಕೆ ಖರ್ಚಿಲ್ಲ, ಆದರೆ ಅದು ಸದಾ ಹೊರಬೇಕಾದ ಭಾರ. ಸುರುಳಿ ಸ್ಪ್ರಿಂಗನ್ನು ಕತ್ತರಿಸಿಬಿಡುವುದು ಇನ್ನೊಂದು ಉಪಾಯ. ಆದರೆ ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗು ಬಿರುಸಾಗುತ್ತದೆ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಎರಡನ್ನು ಕತ್ತರಿಸಿದರೆ ಅದರ ಬಿರುಸು ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಬೆಂಕಿಯಿಂದ ಕಾಯಿಸಿ ಸ್ಪ್ರಿಂಗನ್ನು ಕುಸಿಯುವಂತೆ ಮಾಡಿದವರೂ ಇದ್ದರು. ಅದರಿಂದ ಉಕ್ಕಿನ ಹದವೇ ಕೆಡುತ್ತಿತ್ತು. ಪಟ್ಟಿ ಸ್ಪ್ರಿಂಗಿರುವ ಬಂಡಿಗಳಿಗೆ ಮಾತ್ರ ಒಂದು ಜಾಣ ಉಪಾಯವಿತ್ತು. ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಒಂದು ದಿಮ್ಮಿಯನ್ನು ಇಟ್ಟು ಬಿಗಿದರೆ, ಸ್ಪ್ರಿಂಗಿನ ಗುಣ ಕೆಡದೆ ಬಂಡಿ ತಗ್ಗುತ್ತದೆ. ಆದರೂ ಬಂಡಿ ಮೇಲೆ ಕೆಳಗೆ ಆಡುವ ಅವಕಾಶ ಕಿರಿದಾಗುವುದು ತಪ್ಪುವುದಿಲ್ಲ. ಗುಂಡಿಗೆ ಬಿದ್ದ ಗಾಲಿಗೆ ಆಡಲು ಎಡೆಯಿಲ್ಲದಿದ್ದರೆ, ಆ ಪೆಟ್ಟು ನೇರವಾಗಿ ಕೂತವರ ಬೆನ್ನುಮೂಳೆಗೇ ಬರುತ್ತದೆ. ಈ ಲೆಕ್ಕವನ್ನು ತಪ್ಪಿಸಿಕೊಳ್ಳಲು ಆ ಬಡವರ ಬಳಿಯಿದ್ದ ಸಾಧನ ಒಂದೇ, ಅದು ನಿಧಾನ. ಗಂಟೆಗೆ ಹತ್ತು ಮೈಲಿ ನಡೆಯುವ ಬಂಡಿಗೆ ಗುಂಡಿ ಕಂಡೊಡನೆ ಪಕ್ಕಕ್ಕೆ ಸರಿಯಲು ಹೊತ್ತಿರುತ್ತದೆ.

1950ರ ದಶಕದ ಕೊನೆಗೆ ಸರಕಾರದ ಕಣ್ಣು ಇವರ ಮೇಲೆ ಬಿತ್ತು. ಮಾರ್ಪಡಿಸಿದ ಬಂಡಿಯ ಯಾವ ಭಾಗವೂ ಗಾಲಿಯ ಲೋಹದ ಅಂಚಿಗಿಂತ ಕೆಳಗಿರಬಾರದೆಂದು ಕ್ಯಾಲಿಫೋರ್ನಿಯ ಕಾನೂನು ಮಾಡಿತು. ಪೊಲೀಸರಿಗೆ ಅಳತೆಗೋಲೊಂದು ಸಿಕ್ಕಿತು. ತಗ್ಗಿದ ಬಂಡಿಯವರೆಲ್ಲ ದಂಡ ತೆರತೊಡಗಿದರು. ಸ್ಯಾನ್ ಬರ್ನಾರ್ಡಿನೊ ಊರಿನ ರಾನ್ ಅಗೀರೆ ಎಂಬ ತರುಣ 1959ರಲ್ಲಿ ಇದಕ್ಕೊಂದು ಮದ್ದು ಕಂಡುಹಿಡಿದ. ವಿಮಾನಗಳಲ್ಲಿ ಬಳಸುವ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಂದು ತನ್ನ ಕಾರ್ವೆಟ್ ಬಂಡಿಗೆ ಜೋಡಿಸಿದ. ಒಂದು ಸ್ವಿಚ್ಚು ಒತ್ತಿದರೆ ಬಂಡಿ ಕಾನೂನಿಗೆ ತಕ್ಕಷ್ಟು ಮೇಲೇಳುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಮನಸ್ಸಿಗೆ ತಕ್ಕಷ್ಟು ಕೆಳಗಿಳಿಯುತ್ತಿತ್ತು. ಒಂದೇ ಬಂಡಿಗೆ ಎರಡು ಎತ್ತರ! ಲಾರಿಗಳ ಹಿಂಬದಿಯ ಹಲಗೆಯನ್ನು ಎತ್ತುವ ಪಂಪುಗಳು ಆಮೇಲೆ ಈ ಕೆಲಸಕ್ಕೆ ಬಂದವು. 1958ರಲ್ಲಿ ಬಂದ ಷೆವ್ರೊಲೆ ಇಂಪಾಲಕ್ಕೆ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗು; ತಳದ ಚೌಕಟ್ಟು ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದ್ದು. ಈ ಯಂತ್ರಗಳನ್ನು ಕೂರಿಸುವುದಕ್ಕೆಂದೇ ಮಾಡಿದ ಹಾಗಿತ್ತು ಆ ಬಂಡಿ. ಆದರೆ ಹೈಡ್ರಾಲಿಕ್ ಎಣ್ಣೆ ಅದುಮಿದರೆ ಕುಗ್ಗುವ ಪದಾರ್ಥವಲ್ಲ. ಆದ್ದರಿಂದ ಸವಾರಿ ಬಿರುಸಾಯಿತು. ಎಣ್ಣೆಯ ದಾರಿಯಲ್ಲಿ ನೈಟ್ರೊಜನ್ ಅನಿಲ ತುಂಬಿದ ಗುಂಡುಗಳನ್ನಿಟ್ಟು ಮೆತ್ತನೆಯ ಗುಣವನ್ನು ಮರಳಿ ತರಬೇಕಾಯಿತು.

ಇಷ್ಟೆಲ್ಲ ಪಾಡು ಏತಕ್ಕಾಗಿ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಉತ್ತರವು ಆ ಬೀದಿಯಲ್ಲೇ ಇದೆ. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸಾವಿರಾರು ಮೆಕ್ಸಿಕನ್ ಅಮೆರಿಕನ್ನರು ನಡೆಸಿದ ಮೆರವಣಿಗೆ ಈ ವಿಟಿಯರ್ ಬೂಲವಾರ್ಡಿನಲ್ಲೇ ಸಾಗಿತು. ಆ ದಿನ ಪೊಲೀಸರು ಹಾರಿಸಿದ ಅಶ್ರುವಾಯುವಿನ ಗುಂಡು ತಗಲಿ ಪತ್ರಕರ್ತ ರೂಬೆನ್ ಸಲಾಜಾರ್ ಸತ್ತದ್ದೂ ಇದೇ ಬೀದಿಯ ಹೋಟೆಲೊಂದರಲ್ಲಿ. ಬೇರೆ ಬೀದಿಗಳಲ್ಲಿ ತಲೆ ತಗ್ಗಿಸಿ ನಡೆಯಬೇಕಾದವರು ಇಲ್ಲಿ ಬಂಡಿಯನ್ನು ತಗ್ಗಿಸಿ ತಲೆಯೆತ್ತಿ ನಡೆದರು. ಅವಸರದಿಂದ ಹಾದುಹೋದವನ ಮುಖ ಯಾರಿಗೂ ಕಾಣದು. ಮೆಲ್ಲಗೆ ಹೋದವನನ್ನು ನೋಡಲೇಬೇಕು. ಹೆಸ್ಸೆ ವಲಡೇಸ್ ಎಂಬಾತ ತನ್ನ 1964ರ ಇಂಪಾಲದ ಮೈತುಂಬ ಗುಲಾಬಿ ಹೂಗಳನ್ನು ಬರೆಸಿ, 'ಜಿಪ್ಸಿ ರೋಸ್' ಎಂದು ಅದಕ್ಕೆ ಹೆಸರಿಟ್ಟ. 1974ರಲ್ಲಿ ಆರಂಭವಾದ 'ಚೀಕೊ ಅಂಡ್ ದಿ ಮ್ಯಾನ್' ಎಂಬ ಟೆಲಿವಿಷನ್ ಧಾರಾವಾಹಿಯ ಮೊದಲ ದೃಶ್ಯಗಳಲ್ಲಿ ಆ ಬಂಡಿ ಕಾಣಿಸಿಕೊಂಡು ದೇಶದ ಮನೆಮನೆಯನ್ನೂ ಹೊಕ್ಕಿತು.

ಆಳುವವರು ಇದನ್ನು ಬಲು ನಿಧಾನವಾಗಿ ಅರ್ಥಮಾಡಿಕೊಂಡರು. 1980ರ ದಶಕದಲ್ಲಿ, ಬೀದಿಯಲ್ಲಿ ಸುಮ್ಮನೆ ಸುತ್ತಾಡುವುದನ್ನೇ ನಿಷೇಧಿಸುವ ಅಧಿಕಾರ ಕ್ಯಾಲಿಫೋರ್ನಿಯದ ಊರುಗಳಿಗೆ ದೊರೆಯಿತು. 1990ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ನ್ಯೂ ಮೆಕ್ಸಿಕೊದ ಚಿಮಾಯೊ ಊರಿನಿಂದ 'ಡೇವ್ಸ್ ಡ್ರೀಮ್' ಎಂಬ 1969ರ ಫೋರ್ಡ್ ಲೋರೈಡರನ್ನು ತರಿಸಿ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿಸಿಕೊಂಡಿತು. ಮ್ಯೂಸಿಯಮ್ಮಿನಲ್ಲಿ ಗೌರವ ಪಡೆದ ಬಂಡಿಯ ಸೋದರರು ಬೀದಿಯಲ್ಲಿ ಮಾತ್ರ ದಂಡ ಕಟ್ಟುತ್ತಲೇ ಇದ್ದರು. ಕೊನೆಗೆ 2023ರ ಅಕ್ಟೋಬರಿನಲ್ಲಿ ಹೊಸ ಕಾನೂನಿಗೆ ಗವರ್ನರರ ಸಹಿ ಬಿತ್ತು. 2024ರ ಜನವರಿ 1ರಿಂದ ಆ ಎರಡು ನಿರ್ಬಂಧಗಳೂ ಅಲ್ಲಿನ ಸವಾರಿ ಕಾರುಗಳಿಗೆ ಇಲ್ಲವಾದವು.

ಅಂದು ಬೀದಿಯ ಬದಿಯಲ್ಲಿ ಬಂಡಿ ನಿಲ್ಲಿಸಿಕೊಂಡಿದ್ದ ಒಬ್ಬ ಮುದುಕರು ನನ್ನ ನೆರೆತ ತಲೆಯನ್ನು ಕಂಡು, ಬನ್ನಿ ಕೂರಿ ಎಂದರು. ನೆಲದ ಮೇಲೆ ಚಾಪೆ ಹಾಸಿ ಕೂತಂತಿತ್ತು. ರಸ್ತೆ ಕಿತ್ತುಹೋಗಿದ್ದ ಕಡೆ ಅವರು ಸ್ವಿಚ್ಚು ಒತ್ತಿ ಬಂಡಿಯನ್ನು ತುಸು ಎತ್ತಿದರು, ದಾಟಿದ ಮೇಲೆ ಇಳಿಸಿದರು. ಬೀದಿಯುದ್ದಕ್ಕೂ ಜನ ಕೈಬೀಸುತ್ತಿದ್ದರು. ಅವರು ಒಬ್ಬರನ್ನೂ ಬಿಡದೆ ಪ್ರತಿಯಾಗಿ ಕೈಬೀಸಿದರು. ನನ್ನ ಬೆನ್ನಿಗೆ ಏನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಮೊಮ್ಮಗ ಸ್ಪ್ರಿಂಗು ಕತ್ತರಿಸುವ ಯೋಚನೆಯನ್ನು ಬಿಟ್ಟ. ತನ್ನ ಕಾರಿಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗುಗಳನ್ನೂ ಅವುಗಳಿಗೊಪ್ಪುವ ಷಾಕ್ ಅಬ್ಸಾರ್ಬರುಗಳನ್ನೂ ತಂದು, ಒಂದೂವರೆ ಅಂಗುಲ ಮಾತ್ರ ತಗ್ಗಿಸಿದ. ಅದಕ್ಕೆ ಎರಡು ತಿಂಗಳ ಕಾಲ ಹಣ ಕೂಡಿಡಬೇಕಾಯಿತು. ತಾನು ಇನ್ನು ಮೇಲೆ ಕಾರನ್ನು ನಿಧಾನವಾಗಿ ಓಡಿಸುವುದಾಗಿ ಅವನು ತಾಯಿಗೆ ಮಾತು ಕೊಟ್ಟಿದ್ದಾನೆ. ಅದನ್ನು ಕೇಳಿ ಹೆಚ್ಚು ಸಂತೋಷಪಟ್ಟವಳು ನನ್ನ ಮಗಳೇ.